ಪಾರ್ಲಿಮೆಂಟಿನ ಕಣ್ಣು

ಪಾರ್ಲಿಮೆಂಟು ಎಂದೊಡನೆ ಜನರ ಕಣ್ಣಮುಂದೆ ಬಂದು ನಿಲ್ಲುವುದು ವಿಶಾಲವಾದ ಸಭಾಮಂದಿರದ ಚಿತ್ರ. ಎದುರುಬದುರಾಗಿ ಕುಳಿತ ಆಡಳಿತ ಪಕ್ಷ ಮತ್ತು ವಿರೋಧ ಪಕ್ಷಗಳು, ಬಿರುಸಿನ ಭಾಷಣಗಳು, ಕೊನೆಗೆ ಮತಗಳ ಎಣಿಕೆ, ಇಷ್ಟೇ ಪಾರ್ಲಿಮೆಂಟಿನ ಕೆಲಸವೆಂದು ಅನೇಕರು ಭಾವಿಸಿರುತ್ತಾರೆ. ಶಾಸನಗಳನ್ನು ಮಾಡುವುದು ಅದರ ಕರ್ತವ್ಯವೆಂಬುದು ನಿಜ. ಆದರೆ ಮಾಡಿದ ಶಾಸನವನ್ನು ಸರ್ಕಾರವು ಹೇಗೆ ನಡೆಸುತ್ತಿದೆ, ಮಂಜೂರಾದ ಹಣವನ್ನು ಹೇಗೆ ವೆಚ್ಚಮಾಡಿದೆ, ಆಡಿದ ಮಾತನ್ನು ಉಳಿಸಿಕೊಂಡಿದೆಯೇ ಎಂದು ವಿಚಾರಿಸುವುದೂ ಅದರಷ್ಟೇ ದೊಡ್ಡ ಕರ್ತವ್ಯ. ಈ ಎರಡನೆಯ ಕೆಲಸದ ಬಹುಭಾಗ ನಡೆಯುವುದು ಸಭಾಮಂದಿರದಲ್ಲಲ್ಲ. ಹತ್ತು ಹನ್ನೊಂದು ಮಂದಿ ಸದಸ್ಯರು ಕುಳಿತುಕೊಳ್ಳುವ ಸಮಿತಿಯ ಕೊಠಡಿಗಳಲ್ಲಿ. ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ವಸತಿ ಮತ್ತು ಸ್ಥಳೀಯ ಆಡಳಿತವನ್ನು ಪರಿಶೀಲಿಸುವ ಸಮಿತಿಯು 1999ರಲ್ಲಿ ಕೊಟ್ಟ ಒಂದು ಎಚ್ಚರಿಕೆಯ ಕಥೆ ಇಂಥ ಸಮಿತಿಗಳ ಶಕ್ತಿಯನ್ನೂ ಅವುಗಳ ಮಿತಿಯನ್ನೂ ಏಕಕಾಲದಲ್ಲಿ ತೋರಿಸುತ್ತದೆ.

ಈ ಸಮಿತಿಗಳಿಗೆ ಅಲ್ಲಿ ಸೆಲೆಕ್ಟ್ ಕಮಿಟಿಗಳೆಂದು ಹೆಸರು. ಸರ್ಕಾರದ ವೆಚ್ಚವನ್ನು ಪರೀಕ್ಷಿಸುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಯು 1861ರಿಂದಲೂ ಇತ್ತು. ಆದರೆ ಒಂದೊಂದು ಇಲಾಖೆಗೂ ಒಂದೊಂದು ಸಮಿತಿ ಇರಬೇಕೆಂಬ ಕ್ರಮವು ನೆಲೆಗೊಂಡದ್ದು 1979ರಲ್ಲಿ. ಆಗ ಮಂತ್ರಿಯಾಗಿದ್ದ ನಾರ್ಮನ್ ಸೇಂಟ್ ಜಾನ್-ಸ್ಟೀವಾಸ್ ಅವರು ಈ ಸುಧಾರಣೆಯನ್ನು ಸಭೆಯ ಮುಂದೆ ತಂದರು. ತನ್ನನ್ನು ಕಾಯುವ ಕಾವಲುಗಾರನನ್ನು ಸರ್ಕಾರವೇ ನೇಮಿಸಿದಂತಾಯಿತು. ಅಧಿಕಾರಕ್ಕೆ ಬಂದ ಹೊಸತರಲ್ಲಿ ಅಲ್ಲದೆ ಬೇರೆ ಕಾಲದಲ್ಲಿ ಯಾವ ಸರ್ಕಾರವೂ ಇದಕ್ಕೆ ಒಪ್ಪುತ್ತಿರಲಿಲ್ಲವೇನೋ!

ಸಮಿತಿಯಲ್ಲಿ ಎಲ್ಲ ಮುಖ್ಯ ಪಕ್ಷಗಳ ಸದಸ್ಯರೂ ಇರುತ್ತಾರೆ. ಕುದುರೆಲಾಳದ ಆಕಾರದ ಮೇಜಿನ ಸುತ್ತ ಅವರು ಕುಳಿತಿರುತ್ತಾರೆ; ತೆರೆದ ಕಡೆಯಲ್ಲಿ ಸಾಕ್ಷಿಗಳ ಪೀಠ. ಅಲ್ಲಿ ಇಂದು ಮಂತ್ರಿಯು ಕುಳಿತರೆ ನಾಳೆ ಇಲಾಖೆಯ ಹಿರಿಯ ಅಧಿಕಾರಿ, ಮರುವಾರ ಒಂದು ನಗರಸಭೆಯ ಮುಖಂಡ, ಅದರ ಮರುವಾರ ಸೋರುವ ಮನೆಯಲ್ಲಿ ವಾಸಿಸುವ ಒಬ್ಬ ಬಾಡಿಗೆದಾರ. ವ್ಯಕ್ತಿಗಳನ್ನೂ ಕಾಗದಪತ್ರಗಳನ್ನೂ ದಾಖಲೆಗಳನ್ನೂ ತರಿಸಿಕೊಳ್ಳುವ ಅಧಿಕಾರ ಸಮಿತಿಗೆ ಉಂಟು. ಮಂತ್ರಿಗಳನ್ನು ಬಲವಂತವಾಗಿ ಕರೆಸುವ ಅಧಿಕಾರ ಅದಕ್ಕೆ ಇಲ್ಲವಾದರೂ, ಕರೆದಾಗ ಬರುವುದು ರೂಢಿಯಾಗಿದೆ. ವಿಚಾರಣೆ ಸಾಮಾನ್ಯವಾಗಿ ಬಹಿರಂಗವಾಗಿ ನಡೆಯುತ್ತದೆ. ಜನರು ದೂರದರ್ಶನದಲ್ಲಿ ಅದನ್ನು ನೋಡಬಹುದು. ನಮ್ಮ ದೇಶದ ಪಾರ್ಲಿಮೆಂಟಿನಲ್ಲಿಯೂ 1993ರಿಂದ ಇಲಾಖಾವಾರು ಸ್ಥಾಯೀ ಸಮಿತಿಗಳಿವೆ. ಆದರೆ ಅವುಗಳಲ್ಲಿ ಲೋಕಸಭೆ ರಾಜ್ಯಸಭೆಗಳೆರಡರ ಸದಸ್ಯರೂ ಸೇರಿರುತ್ತಾರೆ. ಅವುಗಳ ಬೈಠಕ್ಕುಗಳು ಬಾಗಿಲು ಮುಚ್ಚಿಕೊಂಡು ನಡೆಯುತ್ತವೆ.

ಹೀಗೆ ಕೇಳಿ, ಓದಿ, ಚರ್ಚಿಸಿದ ಮೇಲೆ ಸಮಿತಿಯು ವರದಿಯನ್ನು ಬರೆಯುತ್ತದೆ. ಸರ್ಕಾರವು ಎರಡು ತಿಂಗಳೊಳಗಾಗಿ ಅದಕ್ಕೆ ಉತ್ತರ ಕೊಡಬೇಕೆಂಬುದು ನಿಯಮ. ಆದರೆ ಆ ಉತ್ತರವು ‘ಒಪ್ಪಿದ್ದೇವೆ’ ಎಂದೇ ಇರಬೇಕೆಂಬ ನಿಯಮವಿಲ್ಲ. ಸಮಿತಿಗೆ ನೋಡುವ ಕಣ್ಣು ಉಂಟು, ಕೇಳುವ ನಾಲಗೆ ಉಂಟು. ಮಾಡಿಸುವ ಕೈ ಮಾತ್ರ ಇಲ್ಲ. ಅದರ ಬಲವೆಲ್ಲ ಇರುವುದು ಸತ್ಯವನ್ನು ದಾಖಲೆಯಲ್ಲಿ ನಿಲ್ಲಿಸುವುದರಲ್ಲಿ, ಮತ್ತೆ ಮತ್ತೆ ಅದೇ ಪ್ರಶ್ನೆಯನ್ನು ಕೇಳುವುದರಲ್ಲಿ.

ಕೇಳುವವರು ನಿರ್ಭೀತರಾಗಿರಬೇಕಾದರೆ ಅವರ ಸ್ಥಾನವು ಸರ್ಕಾರದ ಕೃಪೆಯನ್ನು ಅವಲಂಬಿಸಿರಬಾರದು. ಮೊದಲು ಸಮಿತಿಗಳ ಸದಸ್ಯರನ್ನು ಪಕ್ಷಗಳ ಸಚೇತಕರೇ ಆರಿಸುತ್ತಿದ್ದರು. 2001ರಲ್ಲಿ ಗ್ವಿನೆತ್ ಡನ್‌ವುಡಿ ಎಂಬ ಹಿರಿಯ ಸದಸ್ಯೆಯನ್ನು ಸಾರಿಗೆ ವಿಷಯದ ಸಮಿತಿಯಿಂದ ಹೊರಗಿಡಲು ಅವರದೇ ಪಕ್ಷದ ಸಚೇತಕರು ಯತ್ನಿಸಿದರು. ಆಕೆ ತಮ್ಮ ಪಕ್ಷದ ಮಂತ್ರಿಗಳನ್ನೂ ಬಿಡದೆ ಪ್ರಶ್ನಿಸುತ್ತಿದ್ದುದೇ ಇದಕ್ಕೆ ಕಾರಣವೆಂದು ಎಲ್ಲರೂ ಅರಿತಿದ್ದರು. ಕಾಮನ್ಸ್ ಸಭೆ ಸಿಡಿದೆದ್ದಿತು. ಪಕ್ಷಭೇದವಿಲ್ಲದೆ ಮತ ನೀಡಿ ಆಕೆಯನ್ನು ಮರಳಿ ಸ್ಥಾನದಲ್ಲಿ ಕೂರಿಸಿತು. 2010ರಿಂದ ಈಚೆಗೆ ಹೆಚ್ಚಿನ ಸಮಿತಿಗಳ ಅಧ್ಯಕ್ಷರನ್ನು ಇಡೀ ಸಭೆಯೇ ಗುಪ್ತ ಮತದಾನದಿಂದ ಆರಿಸುತ್ತದೆ.

ವಸತಿ ಮತ್ತು ಸ್ಥಳೀಯ ಆಡಳಿತದ ಇಲಾಖೆಯ ಹೆಸರು ಬ್ರಿಟನ್ನಿನಲ್ಲಿ ಅನೇಕ ಸಲ ಬದಲಾಗಿದೆ. 1999ರಲ್ಲಿ ಅದು ಪರಿಸರ, ಸಾರಿಗೆ ಮತ್ತು ಪ್ರಾದೇಶಿಕ ವ್ಯವಹಾರಗಳ ಇಲಾಖೆಯಾಗಿತ್ತು. 2001, 2002, 2006, 2018, 2021, ಮತ್ತೆ 2024, ಇಷ್ಟು ಸಲ ಅದರ ನಾಮಕರಣವೋ ಪುನರ್ವಿಂಗಡಣೆಯೋ ಆಗಿದೆ. ಇಲಾಖೆ ಬದಲಾದಾಗ ಅದನ್ನು ಪರಿಶೀಲಿಸುವ ಸಮಿತಿಯೂ ಬದಲಾಗುತ್ತದೆ. ಇದು ಕೇವಲ ಫಲಕ ಬರೆಯುವವನಿಗೆ ಸಂಬಂಧಿಸಿದ ವಿಷಯವೆಂದು ತೋರಬಹುದು. ಹಾಗಲ್ಲವೆಂಬುದು ಮುಂದೆ ಗೊತ್ತಾಗುತ್ತದೆ.

ಈ ಇಲಾಖೆಯ ಹೊಣೆ ಬಹು ವಿಸ್ತಾರವಾದುದು. ಇಂಗ್ಲೆಂಡಿನ ನಗರಸಭೆ, ಜಿಲ್ಲಾಸಭೆಗಳಿಗೆ ಅನುದಾನ ಹಂಚುವುದು, ಮನೆಗಳ ನಿರ್ಮಾಣ ಮತ್ತು ಕಟ್ಟಡಗಳ ಸುರಕ್ಷತೆಯ ನಿಯಮಗಳನ್ನು ಮಾಡುವುದು ಅದರ ಕೆಲಸ. 2021ರಿಂದ ಚುನಾವಣೆಗಳ ನಿಯಮವೂ ಅದರ ಪಾಲಿಗೆ ಬಂದಿತು. ಇವು ಬೇರೆ ಬೇರೆ ವಿಷಯಗಳೆಂದು ಕಂಡರೂ ಒಂದಕ್ಕೊಂದು ಹೆಣೆದುಕೊಂಡಿವೆ. ಹಣವಿಲ್ಲದ ನಗರಸಭೆ ಮನೆಗಳ ದುರಸ್ತಿ ಮಾಡಲಾರದು. 2023ರ ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್‌ನಂಥ ಮಹಾನಗರದ ಸಭೆಯೇ ತನ್ನ ಆದಾಯ ವೆಚ್ಚಗಳನ್ನು ಸರಿದೂಗಿಸಲಾರೆನೆಂದು ಕಾನೂನಿನ ಪ್ರಕಾರ ಪ್ರಕಟಿಸಬೇಕಾಯಿತು. ಅನೇಕ ಸ್ಥಳೀಯ ಸಂಸ್ಥೆಗಳು ಅದೇ ಅಂಚಿನಲ್ಲಿವೆಯೆಂದು ಸಮಿತಿಯು ಕೆಲವೇ ತಿಂಗಳಲ್ಲಿ ವರದಿ ಮಾಡಿತು. ಇನ್ನು ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವರ ಮಾತನ್ನು ನಗರಸಭೆಯಾಗಲಿ ಸರ್ಕಾರವಾಗಲಿ ಕೇಳಬೇಕಾದ ಅಗತ್ಯವೇನು? ಬ್ರಿಟನ್ನಿನಲ್ಲಿ ಸುಮಾರು 80 ಲಕ್ಷ ಜನರ ಹೆಸರು ಪಟ್ಟಿಯಲ್ಲಿ ಇಲ್ಲ, ಇಲ್ಲವೆ ತಪ್ಪಾಗಿದೆ ಎಂಬ ಸಂಗತಿಯನ್ನು ಸಮಿತಿಯು 2024ರಲ್ಲಿ ಎತ್ತಿ ತೋರಿಸಿತು. ಪದೇಪದೇ ಮನೆ ಬದಲಿಸುವ ಬಾಡಿಗೆದಾರರು, ತರುಣರು ಇವರಲ್ಲಿ ಹೆಚ್ಚು. ಮತಗಟ್ಟೆಯಲ್ಲಿ ಗುರುತಿನ ಚೀಟಿ ತೋರಿಸಬೇಕೆಂಬ ನಿಯಮ 2023ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಸಲ ಜಾರಿಗೆ ಬಂದಾಗ, ಸುಮಾರು 14,000 ಮಂದಿ ಮತಗಟ್ಟೆಯವರೆಗೆ ಹೋಗಿಯೂ ಮತ ನೀಡದೆ ಹಿಂದಿರುಗಿದರೆಂದು ಚುನಾವಣಾ ಆಯೋಗ ಲೆಕ್ಕ ಹಾಕಿತು.

ಆದರೆ ಸಮಿತಿಯ ಕೆಲಸದ ತೂಕ ಎಷ್ಟೆಂಬುದು ಚೆನ್ನಾಗಿ ತಿಳಿಯುವುದು ಮನೆಗಳ ವಿಷಯದಲ್ಲಿ.

ಎರಡನೆಯ ಮಹಾಯುದ್ಧದ ತರುವಾಯ ಬ್ರಿಟನ್ನಿನಲ್ಲಿ ವಸತಿಯ ಕೊರತೆ ಬಹಳವಾಗಿತ್ತು. ಆಗ ನಗರಸಭೆಗಳು ಬಡವರಿಗೂ ಕಾರ್ಮಿಕರಿಗೂ ಸಾವಿರಾರು ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟುವು. 1950ರಿಂದ 1970ರ ದಶಕದವರೆಗೆ ಹತ್ತು, ಹದಿನೈದು, ಇಪ್ಪತ್ತು ಅಂತಸ್ತುಗಳ ಗೋಪುರದಂಥ ಕಟ್ಟಡಗಳು ಊರೂರುಗಳಲ್ಲಿ ಎದ್ದುವು. ಇವುಗಳ ಕಾಂಕ್ರೀಟಿನ ಗೋಡೆಗಳು ಚಳಿಯನ್ನು ತಡೆಯುತ್ತಿರಲಿಲ್ಲ. ನೋಡಲು ಅಂದವಾಗಿಯೂ ಇರಲಿಲ್ಲ. ಆದುದರಿಂದ ಕೆಲವು ವರ್ಷಗಳ ಮೇಲೆ ಹೊರಗೋಡೆಗೆ ಶಾಖ ನಿರೋಧಕ ಪದರವನ್ನು ಅಂಟಿಸಿ, ಅದರ ಮೇಲೆ ಹೊಳೆಯುವ ಹಲಗೆಗಳ ಹೊದಿಕೆಯನ್ನು ಹೊದಿಸುವ ಪದ್ಧತಿ ಬಂದಿತು. ಉದ್ದೇಶ ಒಳ್ಳೆಯದೇ. ಆದರೆ ಆ ಹೊದಿಕೆಯ ವಸ್ತು ಬೆಂಕಿಗೆ ಆಹಾರವಾಗುವಂಥದಾದರೆ, ಗೋಡೆಗೂ ಹೊದಿಕೆಗೂ ನಡುವಣ ಟೊಳ್ಳಿನಲ್ಲಿ ಬೆಂಕಿಯು ಹೊಗೆಗೂಡಿನಲ್ಲಿ ಏರುವಂತೆ ಮೇಲೇರುತ್ತದೆ. ಒಂದೊಂದು ಮನೆಯ ಬೆಂಕಿಯೂ ಆ ಮನೆಯಲ್ಲೇ ಅಡಗಬೇಕೆಂಬುದು ಇಂಥ ಕಟ್ಟಡಗಳ ರಚನೆಯ ಮೂಲತತ್ತ್ವ. ಅದಕ್ಕಾಗಿಯೇ ದಪ್ಪ ಕಾಂಕ್ರೀಟಿನ ಗೋಡೆ, ಮಾಳಿಗೆಗಳು. ಅದಕ್ಕಾಗಿಯೇ ‘ಬೇರೆ ಮನೆಗೆ ಬೆಂಕಿ ಬಿದ್ದರೆ ನಿಮ್ಮ ಮನೆಯಲ್ಲೇ ಇರಿ’ ಎಂಬ ಸೂಚನೆ. ಹೊರಹೊದಿಕೆ ಉರಿಯತೊಡಗಿದರೆ ಈ ತತ್ತ್ವವೇ ತಲೆಕೆಳಗಾಗುತ್ತದೆ.

1991ರಲ್ಲಿ ಲಿವರ್‌ಪೂಲಿನ ಸಮೀಪದ ನೋಸ್ಲಿ ಹೈಟ್ಸ್ ಎಂಬ ಕಟ್ಟಡದಲ್ಲಿ ಬೆಂಕಿಯು ಹೊದಿಕೆಯ ಹಿಂದೆ ತಳದಿಂದ ತುದಿಯವರೆಗೆ ಏರಿತು. ದೈವವಶಾತ್ ಪ್ರಾಣಹಾನಿ ಆಗಲಿಲ್ಲ. 1999ರ ಜೂನ್ 11ರಂದು ಸ್ಕಾಟ್ಲೆಂಡಿನ ಅರ್ವಿನ್ ಪಟ್ಟಣದ ಗಾರ್ನಾಕ್ ಕೋರ್ಟ್ ಎಂಬ 14 ಅಂತಸ್ತಿನ ಕಟ್ಟಡದಲ್ಲಿ ಮತ್ತೆ ಅದೇ ನಡೆಯಿತು. ಒಂದು ಮನೆಯಲ್ಲಿ ಹೊತ್ತಿದ ಬೆಂಕಿ ಕಿಟಕಿಯಿಂದ ಹೊರಬಂದು, ಹೊರಮೈಯ ಹಲಗೆಗಳನ್ನು ಹಿಡಿದು, ಕೆಲವೇ ನಿಮಿಷಗಳಲ್ಲಿ ಮೇಲಣ ಅನೇಕ ಅಂತಸ್ತುಗಳಿಗೆ ಏರಿತು. ಈ ಸಲ ಒಬ್ಬ ನಿವಾಸಿಯು ಸತ್ತನು.

ಸತ್ತವನು ಒಬ್ಬನೇ, ವಾರ್ತಾಪತ್ರಿಕೆಗಳು ಎರಡು ದಿನಗಳಲ್ಲಿ ಮರೆಯುವ ಸುದ್ದಿ. ಆದರೆ ಕಾಮನ್ಸ್ ಸಭೆಯ ಪರಿಸರ, ಸಾರಿಗೆ ಮತ್ತು ಪ್ರಾದೇಶಿಕ ವ್ಯವಹಾರಗಳ ಸಮಿತಿಯು ಅದನ್ನು ಮರೆಯಲಿಲ್ಲ. ಅದು ಅಗ್ನಿಶಾಮಕ ದಳದವರನ್ನು, ಕಟ್ಟಡ ತಜ್ಞರನ್ನು, ಹೊದಿಕೆಯ ಉದ್ಯಮದವರನ್ನು ವಿಚಾರಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ವರದಿಯನ್ನು ಸಿದ್ಧಪಡಿಸಿತು. ಬಳಕೆಯಲ್ಲಿರುವ ಹೊದಿಕೆಗಳಲ್ಲಿ ಬಹುಪಾಲು ಅಷ್ಟೇನೂ ಅಪಾಯಕಾರಿಯಲ್ಲವೆಂದು ಒಪ್ಪಿಕೊಂಡೂ, ಅದು ಎರಡು ಮಾತುಗಳನ್ನು ಸ್ಪಷ್ಟವಾಗಿ ಹೇಳಿತು. ಎತ್ತರದ ಕಟ್ಟಡಗಳ ಹೊದಿಕೆಯು ಸಂಪೂರ್ಣವಾಗಿ ಉರಿಯದ ವಸ್ತುವಿನದಾಗಿರಬೇಕು. ಇಲ್ಲವೆ ಪೂರ್ಣ ಪ್ರಮಾಣದ ಪರೀಕ್ಷೆಯಲ್ಲಿ ಅಪಾಯವಿಲ್ಲವೆಂದು ಸಿದ್ಧಪಟ್ಟಿರಬೇಕು. ಬಹು ಜನರು ಸಾಯುವಂಥ ದೊಡ್ಡ ಅಗ್ನಿ ಅನಾಹುತ ನಡೆದ ಮೇಲೆಯೇ ಸರ್ಕಾರವು ಎಚ್ಚರಗೊಳ್ಳಬೇಕೆಂಬುದು ಸರಿಯಲ್ಲವೆಂಬುದು ಎರಡನೆಯ ಮಾತು.

ಇದಕ್ಕಿಂತ ಸ್ಪಷ್ಟವಾಗಿ ಯಾರು ತಾನೆ ಎಚ್ಚರಿಸಬಲ್ಲರು? ಆದರೂ ಆದದ್ದು ಬೇರೆ. ಸರ್ಕಾರವು ಶಿಫಾರಸನ್ನು ತಳ್ಳಿಹಾಕಲಿಲ್ಲ. ಪೂರ್ತಿಯಾಗಿ ಸ್ವೀಕರಿಸಲೂ ಇಲ್ಲ. ದೊಡ್ಡ ಪ್ರಮಾಣದ ಪರೀಕ್ಷೆಯ ಮಾರ್ಗವನ್ನು ತನ್ನ ಮಾರ್ಗದರ್ಶಿಯಲ್ಲಿ ಸೇರಿಸಿತು. ಅದರ ಪಕ್ಕದಲ್ಲೇ ಹಳೆಯ ಸುಲಭವಾದ ಮಾನದಂಡವನ್ನೂ ಉಳಿಸಿತು. ಆ ಹಳೆಯ ಮಾನದಂಡವು ಹಲಗೆಯ ಮೇಲ್ಮೈಯನ್ನು ಮಾತ್ರ ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸುವಂಥದು. ಎರಡು ತೆಳುವಾದ ಅಲ್ಯೂಮಿನಿಯಂ ತಗಡುಗಳ ನಡುವೆ ಪ್ಲಾಸ್ಟಿಕ್ಕನ್ನು ತುಂಬಿದ ಹಲಗೆಯು ಇಂಥ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾಗುತ್ತದೆ. ಏಕೆಂದರೆ ಬೆಂಕಿಗೆ ಮೊದಲು ಕಾಣುವುದು ಲೋಹ, ಪ್ಲಾಸ್ಟಿಕ್ಕಲ್ಲ. 2001ರಲ್ಲಿ ಸರ್ಕಾರವೇ ಮಾಡಿಸಿದ ದೊಡ್ಡ ಪರೀಕ್ಷೆಯೊಂದರಲ್ಲಿ ಅಂಥ ಹಲಗೆ ಉಗ್ರವಾಗಿ ಉರಿಯಿತು. ಆ ಫಲಿತಾಂಶವನ್ನು ಗೋಪ್ಯವಾಗಿಡಲಾಯಿತು; ನಿಯಮಗಳು ಬಿಗಿಯಾಗಲಿಲ್ಲ. ಅದೇ ವರ್ಷ ಚುನಾವಣೆ ನಡೆದು ಇಲಾಖೆಯು ಒಡೆದು ಬೇರೆಯಾಯಿತು; ಸಮಿತಿಯೂ ಹೊಸದಾಯಿತು. ಹಳೆಯ ವರದಿಯ ಪ್ರಶ್ನೆಗಳನ್ನು ಹಿಡಿದು ಬೆನ್ನುಹತ್ತುವವರು ಯಾರೂ ಉಳಿಯಲಿಲ್ಲ. ಸಮಿತಿಯು ಸರಿಯಾದುದನ್ನೇ ಹೇಳಿತ್ತು. ಎರಡನೆಯ ಸಲ ಹೇಳಲಿಲ್ಲ. ಇತ್ತ ಸ್ಕಾಟ್ಲೆಂಡ್ ಮಾತ್ರ, ತನ್ನ ನೆಲದಲ್ಲೇ ನಡೆದ ಅನಾಹುತದಿಂದ ಪಾಠ ಕಲಿತು, 2005ರಲ್ಲಿ ತನ್ನ ಕಟ್ಟಡ ನಿಯಮಗಳನ್ನು ಬಿಗಿಗೊಳಿಸಿತು.

ಇನ್ನೊಂದು ಎಚ್ಚರಿಕೆಯೂ ಬಂದಿತು. 2009ರ ಜುಲೈ 3ರಂದು ದಕ್ಷಿಣ ಲಂಡನ್ನಿನ ಲಕನಾಲ್ ಹೌಸ್ ಎಂಬ ನಗರಸಭೆಯ ಕಟ್ಟಡದಲ್ಲಿ ಬೆಂಕಿ ಬಿದ್ದು ಮೂವರು ಮಕ್ಕಳು ಸೇರಿ ಆರು ಮಂದಿ ಸತ್ತರು. ಅಸಹಜ ಮರಣಗಳನ್ನು ವಿಚಾರಿಸುವ ನ್ಯಾಯಾಧಿಕಾರಿಯು 2013ರಲ್ಲಿ ವಸತಿ ಖಾತೆಯ ಮಂತ್ರಿಗೆ ಪತ್ರ ಬರೆದು, ಅಗ್ನಿಸುರಕ್ಷತೆಯ ಮಾರ್ಗದರ್ಶಿಯನ್ನು, ಮುಖ್ಯವಾಗಿ ಹೊರಗೋಡೆಯ ಭಾಗವನ್ನು, ಸಾಮಾನ್ಯರಿಗೂ ತಿಳಿಯುವಂತೆ ತಿದ್ದಿ ಬರೆಯಬೇಕೆಂದು ಕೋರಿದರು. ಪುನರ್ವಿಮರ್ಶೆ ನಡೆಯುವುದೆಂಬ ಉತ್ತರ ಬಂದಿತು. ಅಗ್ನಿಸುರಕ್ಷತೆಯಲ್ಲಿ ಆಸಕ್ತರಾದ ಎಲ್ಲ ಪಕ್ಷಗಳ ಪಾರ್ಲಿಮೆಂಟ್ ಸದಸ್ಯರ ಕೂಟವೊಂದು ಒಬ್ಬರಾದ ಮೇಲೊಬ್ಬ ಮಂತ್ರಿಗೆ ಅದನ್ನು ನೆನಪಿಸಿತು. ನಿಯಮಗಳ ಹೊರೆಯನ್ನು ಇಳಿಸಬೇಕು, ಹೊಸ ನಿಯಮ ಬೇಡ ಎಂಬುದು ಅಂದಿನ ಸರ್ಕಾರದ ಧ್ಯೇಯವಾಗಿದ್ದಿತು. 2017ರ ಬೇಸಗೆಯಾದರೂ ಆ ಕೆಲಸ ಮುಗಿದಿರಲಿಲ್ಲ.

ಗ್ರೆನ್‌ಫೆಲ್ ಗೋಪುರವು ಪಶ್ಚಿಮ ಲಂಡನ್ನಿನ ಉತ್ತರ ಕೆನ್ಸಿಂಗ್ಟನ್ನಿನಲ್ಲಿ 1974ರಲ್ಲಿ ಕಟ್ಟಿ ಮುಗಿಸಿದ 24 ಅಂತಸ್ತುಗಳ ಕಟ್ಟಡ. ಅದರ ಒಡೆತನ ಕೆನ್ಸಿಂಗ್ಟನ್ ಮತ್ತು ಚೆಲ್ಸಿಯ ಸ್ಥಳೀಯ ಸಭೆಯದು. ನಿರ್ವಹಣೆ ಆ ಸಭೆಯ ಪರವಾಗಿ ಕೆಲಸ ಮಾಡುತ್ತಿದ್ದ ಒಂದು ಸಂಸ್ಥೆಯದು. ಬ್ರಿಟನ್ನಿನ ಅತ್ಯಂತ ಶ್ರೀಮಂತ ಬೀದಿಗಳಿರುವ ಪ್ರದೇಶದಲ್ಲೇ, ಅವುಗಳಿಂದ ಕೂಗಳತೆಯ ದೂರದಲ್ಲಿ, ನೂರಕ್ಕೂ ಮಿಕ್ಕ ಸಾಮಾನ್ಯ ಕುಟುಂಬಗಳು ಅಲ್ಲಿ ವಾಸಿಸುತ್ತಿದ್ದುವು. ಅವರಲ್ಲಿ ಅನೇಕರು ಆಫ್ರಿಕ, ಏಷ್ಯ ಖಂಡಗಳಿಂದ ಬಂದು ನೆಲಸಿದವರು. 2016ರಲ್ಲಿ ಮುಗಿದ ನವೀಕರಣದಲ್ಲಿ ಗೋಪುರಕ್ಕೆ ಹೊಸ ಹೊದಿಕೆ ಬಂದಿತು. ಮೊದಲು ಸತುವಿನ ಹಲಗೆಗಳನ್ನು ಹಾಕುವ ಆಲೋಚನೆಯಿದ್ದು, ವೆಚ್ಚ ಕಡಮೆಯಾಗಲೆಂದು ಪ್ಲಾಸ್ಟಿಕ್ ತಿರುಳಿನ ಅಲ್ಯೂಮಿನಿಯಂ ಹಲಗೆಗಳನ್ನು ಆರಿಸಲಾಯಿತು. ಅಗ್ನಿಸುರಕ್ಷತೆಯ ವಿಷಯದಲ್ಲಿ ನಿವಾಸಿಗಳು ಸಂಸ್ಥೆಗೂ ಸಭೆಗೂ ಅನೇಕ ಸಲ ದೂರು ಕೊಟ್ಟಿದ್ದರು. ದೂರುವವರನ್ನು ತಂಟೆಕೋರರೆಂದು ಭಾವಿಸುವುದು ಅಧಿಕಾರಸ್ಥರ ಹಳೆಯ ಚಟ. ಇಲ್ಲಿಯೂ ಹಾಗೆಯೇ ಆಯಿತು.

2017ರ ಜೂನ್ 14ರ ರಾತ್ರಿ 12 ಗಂಟೆ 54 ನಿಮಿಷಕ್ಕೆ ನಾಲ್ಕನೆಯ ಅಂತಸ್ತಿನ ಒಂದು ಮನೆಯಿಂದ ಅಗ್ನಿಶಾಮಕ ದಳಕ್ಕೆ ಕರೆ ಹೋಯಿತು. ಅಡುಗೆಮನೆಯ ಶೀತಕ ಪೆಟ್ಟಿಗೆಯಲ್ಲಿ ಬೆಂಕಿ ಕಾಣಿಸಿಕೊಂಡಿತ್ತು. ಸಾಮಾನ್ಯವಾಗಿ ಒಂದು ತಾಸಿನಲ್ಲಿ ಆರಿಸಿ ಹೋಗಬಹುದಾದ ಬೆಂಕಿ ಅದು. ಆದರೆ ಕಿಟಕಿಯ ಮೂಲಕ ಹೊರಬಂದ ಜ್ವಾಲೆ ಹೊದಿಕೆಯನ್ನು ಹಿಡಿಯಿತು. 1 ಗಂಟೆ 27 ನಿಮಿಷದ ವೇಳೆಗೆ ಅದು ಗೋಪುರದ ನೆತ್ತಿಯನ್ನು ಮುಟ್ಟಿತ್ತು. ಆಮೇಲೆ ಸುತ್ತಲೂ ಹಬ್ಬಿತು. ಮನೆಯಲ್ಲೇ ಇರಿ ಎಂಬ ಹಳೆಯ ಸೂಚನೆಯನ್ನು ಅಧಿಕಾರಿಗಳು ಹಿಂತೆಗೆದುಕೊಂಡದ್ದು 2 ಗಂಟೆ 47 ನಿಮಿಷಕ್ಕೆ. ಆಗ ಇದ್ದ ಒಂದೇ ಒಂದು ಮೆಟ್ಟಿಲ ದಾರಿಯಲ್ಲಿ ಹೊಗೆ ತುಂಬಿತ್ತು. 72 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ 18 ಮಂದಿ ಮಕ್ಕಳು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆಯ ಹಾಗೆ, ಅಂದಿನಿಂದ ಎಲ್ಲ ಕಡೆಯೂ ಎಚ್ಚರ ಕಾಣಿಸಿಕೊಂಡಿತು. ನಿವೃತ್ತ ನ್ಯಾಯಾಧೀಶ ಸರ್ ಮಾರ್ಟಿನ್ ಮೂರ್-ಬಿಕ್ ಅವರ ಅಧ್ಯಕ್ಷತೆಯಲ್ಲಿ ಸಾರ್ವಜನಿಕ ವಿಚಾರಣೆ ಏರ್ಪಟ್ಟಿತು. ಕಟ್ಟಡ ನಿಯಮಗಳನ್ನು ವಿಮರ್ಶಿಸಲು ಡೇಮ್ ಜೂಡಿತ್ ಹ್ಯಾಕಿಟ್ ಎಂಬ ಇಂಜಿನಿಯರರನ್ನು ಸರ್ಕಾರ ನೇಮಿಸಿತು. ಇಂಗ್ಲೆಂಡಿನಲ್ಲಿ ಹುಡುಕಿದಾಗ ಅಂಥದೇ ಹೊದಿಕೆಯ ಎತ್ತರದ ಕಟ್ಟಡಗಳು 400ಕ್ಕೂ ಹೆಚ್ಚು ಸಿಕ್ಕಿದುವು. ಆಗ ಸಮಿತಿಯ ಅಧ್ಯಕ್ಷರಾಗಿದ್ದವರು ಷೆಫೀಲ್ಡಿನ ಸದಸ್ಯ ಕ್ಲೈವ್ ಬೆಟ್ಸ್. ಅವರು ಷೆಫೀಲ್ಡ್ ನಗರಸಭೆಯ ಮುಖಂಡರಾಗಿದ್ದು ಬಂದವರು. 2010ರಿಂದ 2024ರವರೆಗೆ ಒಂದೇ ಸಮನೆ ಸಮಿತಿಯ ಅಧ್ಯಕ್ಷಪದವಿಯಲ್ಲಿದ್ದರು. ಇಲಾಖೆಯ ಹೆಸರೂ ಮಂತ್ರಿಗಳೂ ಬದಲಾದರೂ ಪ್ರಶ್ನೆ ಕೇಳುವವರು ಈ ಸಲ ಬದಲಾಗಲಿಲ್ಲ.

ಹ್ಯಾಕಿಟ್ ಅವರ ವರದಿಯು 2018ರ ಮೇ ತಿಂಗಳಲ್ಲಿ ಹೊರಬಂದಿತು. ಇಡೀ ವ್ಯವಸ್ಥೆಯೇ ಬದಲಾಗಬೇಕೆಂದು ಹೇಳಿದ ಆ ವರದಿಯು ಉರಿಯುವ ಹೊದಿಕೆಯನ್ನು ನಿಷೇಧಿಸಬೇಕೆಂದು ಹೇಳಲಿಲ್ಲ. ಸಮಿತಿಯು ಅವರನ್ನು ಕರೆಸಿ ಏಕೆಂದು ಕೇಳಿತು. ಜುಲೈಯಲ್ಲಿ ತನ್ನದೇ ವರದಿಯನ್ನು ಪ್ರಕಟಿಸಿ ನಿಷೇಧವೇ ಬೇಕೆಂದು ಒತ್ತಾಯಿಸಿತು. ಅಕ್ಟೋಬರಿನಲ್ಲಿ ಸರ್ಕಾರ ಒಪ್ಪಿತು. 18 ಮೀಟರಿಗಿಂತ ಎತ್ತರದ ಹೊಸ ವಸತಿ ಕಟ್ಟಡಗಳಲ್ಲಿ ಉರಿಯುವ ಹೊದಿಕೆಯ ನಿಷೇಧವು 2018ರ ಡಿಸೆಂಬರ್ 21ರಂದು ಜಾರಿಗೆ ಬಂದಿತು. 1999ರ ಶಿಫಾರಸು ನಿಯಮವಾಗಲು ಹಿಡಿದ ಕಾಲ 19 ವರ್ಷ.

ಹೊಸ ಕಟ್ಟಡಗಳ ಮಾತು ಹೀಗಾಯಿತು. ಹಳೆಯ ಕಟ್ಟಡಗಳ ಹೊದಿಕೆಯನ್ನು ಕಿತ್ತುಹಾಕುವ ವೆಚ್ಚವನ್ನು ಕೊಡುವವರು ಯಾರು? ಇದು ಎರಡನೆಯ ಪ್ರಶ್ನೆ. ಇದರಲ್ಲಿ ಸಮಿತಿಯ ಹಟ ಚೆನ್ನಾಗಿ ಕಾಣುತ್ತದೆ. ಇಂಗ್ಲೆಂಡಿನಲ್ಲಿ ಅಂತಸ್ತಿನ ಮನೆಯನ್ನು ಕೊಂಡವನು ಸಾಮಾನ್ಯವಾಗಿ ಅದರ ಪೂರ್ಣ ಒಡೆಯನಾಗುವುದಿಲ್ಲ. ನೆಲ ಮತ್ತು ಕಟ್ಟಡದ ಒಡೆಯ ಬೇರೊಬ್ಬ. ಕೊಂಡವನಿಗೆ ದೊರೆಯುವುದು ದೀರ್ಘಾವಧಿಯ ಗುತ್ತಿಗೆಯ ಹಕ್ಕು. ಆದರೆ ಕಟ್ಟಡದ ದುರಸ್ತಿಯ ವೆಚ್ಚವನ್ನು ಗುತ್ತಿಗೆಯ ಕರಾರಿನ ಪ್ರಕಾರ ಅವನೇ ಕೊಡಬೇಕು. ಹೊದಿಕೆಯನ್ನು ಆರಿಸಿದವನು ಅವನಲ್ಲ, ಹಾಕಿದವನು ಅವನಲ್ಲ, ಮಂಜೂರು ಮಾಡಿದವನೂ ಅವನಲ್ಲ. ಆದರೂ ಕೆಲವೆಡೆ ಹತ್ತಾರು ಸಾವಿರ ಪೌಂಡುಗಳ ಲೆಕ್ಕದ ಚೀಟಿ ಅವನ ಮನೆಬಾಗಿಲಿಗೆ ಬಂದಿತು. ಹೊದಿಕೆ ತೆಗೆಯುವವರೆಗೆ ರಾತ್ರಿಯೆಲ್ಲ ಎಚ್ಚರವಾಗಿದ್ದು ಬೆಂಕಿಯನ್ನು ನೋಡಿಕೊಳ್ಳುವ ಗಸ್ತುಗಾರರನ್ನು ನೇಮಿಸಬೇಕಾಯಿತು. ಹಿಂದೆ ನಮ್ಮ ಹಳ್ಳಿಗಳಲ್ಲಿ ತಳವಾರರು ಸುತ್ತುತ್ತಿದ್ದಂತೆ, ಅವರು ಗೋಪುರದ ಅಂತಸ್ತುಗಳನ್ನು ಸುತ್ತಬೇಕು. ಅವರ ಸಂಬಳವೂ ನಿವಾಸಿಗಳ ಮೇಲೆಯೇ. ಇಂಥ ಮನೆಯನ್ನು ಯಾರೂ ಕೊಳ್ಳರು. ಬ್ಯಾಂಕುಗಳು ಸಾಲ ಕೊಡವು. ಮದುವೆ, ಮಕ್ಕಳು, ಉದ್ಯೋಗದ ವರ್ಗ, ಎಲ್ಲವೂ ಒಂದು ಗೋಡೆಯ ಹೊದಿಕೆಗೆ ಗಂಟುಬಿದ್ದುವು.

ಸರ್ಕಾರವು 2018ರಲ್ಲಿ ಸಾಮಾಜಿಕ ವಸತಿ ಕಟ್ಟಡಗಳಿಗೆ 40 ಕೋಟಿ ಪೌಂಡುಗಳನ್ನು, 2019ರಲ್ಲಿ ಖಾಸಗಿ ಕಟ್ಟಡಗಳಿಗೆ 20 ಕೋಟಿ ಪೌಂಡುಗಳನ್ನು ಕೊಟ್ಟಿತು. 2020ರಲ್ಲಿ ಇನ್ನೂ 100 ಕೋಟಿ ಸೇರಿತು. ಸಮಿತಿಯು ಆ ವರ್ಷದ ಜೂನಿನಲ್ಲಿ ಸಾಕ್ಷ್ಯಗಳನ್ನು ಕೂಡಿ ಲೆಕ್ಕಹಾಕಿ, ಎಲ್ಲ ದೋಷಗಳನ್ನು ಸರಿಪಡಿಸಲು 1,500 ಕೋಟಿ ಪೌಂಡುಗಳವರೆಗೆ ಬೇಕಾದೀತೆಂದು ತಿಳಿಸಿತು. 2021ರ ಫೆಬ್ರವರಿಯಲ್ಲಿ 350 ಕೋಟಿ ಪ್ರಕಟವಾಯಿತು. ಆದರೆ 18 ಮೀಟರಿಗಿಂತ ತಗ್ಗಿನ ಕಟ್ಟಡಗಳವರು ಸಾಲ ಪಡೆದು ತಿಂಗಳಿಗೆ 50 ಪೌಂಡುಗಳವರೆಗೆ ತೀರಿಸಬೇಕೆಂದಿತ್ತು. ತಾವು ಮಾಡದ ತಪ್ಪಿಗೆ ಸಾಲವೇಕೆ ತೀರಿಸಬೇಕೆಂದು ಸಮಿತಿ ಕೇಳಿತು. ಒಬ್ಬ ಮಂತ್ರಿ ಹೋಗಿ ಇನ್ನೊಬ್ಬರು ಬಂದರು. ಪ್ರಶ್ನೆ ಅದೇ ಆಗಿತ್ತು. 2022ರ ಜನವರಿಯಲ್ಲಿ ಮಂತ್ರಿ ಮೈಕೆಲ್ ಗೋವ್ ಸಾಲದ ಯೋಜನೆಯನ್ನು ಕೈಬಿಟ್ಟರು. ಕಟ್ಟಡಗಳನ್ನು ನಿರ್ಮಿಸಿದ ಕಂಪನಿಗಳೇ ಹಣ ತೆರಬೇಕೆಂದರು. ಏಪ್ರಿಲ್ 28ರಂದು ಕಟ್ಟಡ ಸುರಕ್ಷತಾ ಕಾಯಿದೆಗೆ ರಾಣಿಯ ಅಂಕಿತ ಬಿದ್ದಿತು.

ಇಷ್ಟಾದರೂ ಸಮಿತಿ ಕೇಳಿದ್ದೆಲ್ಲವೂ ಸಿಕ್ಕಿತೆಂದಲ್ಲ. 11 ಮೀಟರಿಗಿಂತ ತಗ್ಗಿನ ಕಟ್ಟಡಗಳು ಕಾಯಿದೆಯ ರಕ್ಷಣೆಯಿಂದ ಹೊರಗುಳಿದುವು. ಹೊದಿಕೆಯಲ್ಲದ ಬೇರೆ ದೋಷಗಳಿಗೆ ಗುತ್ತಿಗೆದಾರರೂ ಒಂದು ಮಿತಿಯವರೆಗೆ ತೆರಬೇಕಾಯಿತು. 11 ಮೀಟರಿಗಿಂತ ಎತ್ತರದ 9,000ದಿಂದ 12,000 ಕಟ್ಟಡಗಳಿಗೆ ದುರಸ್ತಿ ಬೇಕಾಗಬಹುದು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ಇನ್ನೂ ಗುರುತಿಸಿಯೇ ಇಲ್ಲದಿರಬಹುದು ಎಂದು ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯು 2024ರ ನವೆಂಬರಿನಲ್ಲಿ ವರದಿ ಮಾಡಿತು. ಕೆಲಸವೆಲ್ಲ ಮುಗಿಯಲು 2035ರವರೆಗೂ ಹಿಡಿಯಬಹುದೆಂಬುದು ಅದರ ಅಂದಾಜು.

ಸಾರ್ವಜನಿಕ ವಿಚಾರಣೆಯ ಅಂತಿಮ ವರದಿಯು 2024ರ ಸೆಪ್ಟೆಂಬರ್ 4ರಂದು ಹೊರಬಂದಿತು. ಆ ರಾತ್ರಿಯ ಮರಣಗಳೆಲ್ಲವೂ ತಪ್ಪಿಸಬಹುದಾಗಿದ್ದ ಮರಣಗಳೆಂದು ಅಧ್ಯಕ್ಷರು ಹೇಳಿದರು. ಪರೀಕ್ಷೆಗಳ ಫಲಿತಾಂಶವನ್ನು ಮರೆಮಾಚಿದ ತಯಾರಕರು, ಅಗ್ನಿಸುರಕ್ಷತೆಯನ್ನು ಅಲಕ್ಷಿಸಿದ ಸ್ಥಳೀಯ ಸಭೆ ಮತ್ತು ಅದರ ಸಂಸ್ಥೆ, 1991ರಿಂದಲೂ ಅವಕಾಶಗಳನ್ನು ಕಳೆದುಕೊಳ್ಳುತ್ತ ಬಂದ ಸರ್ಕಾರ, ಎಲ್ಲರ ಪಾಲನ್ನೂ ವರದಿ ಬಿಡಿಸಿಟ್ಟಿತು. 1999ರ ಸಮಿತಿಯ ಎಚ್ಚರಿಕೆಯೂ ಅದರಲ್ಲಿ ಸ್ಥಾನ ಪಡೆಯಿತು. ವರದಿಯ 58 ಶಿಫಾರಸುಗಳಲ್ಲಿ ಒಂದು ವಿಶೇಷ ಗಮನಕ್ಕೆ ಅರ್ಹವಾದುದು. ಪಾರ್ಲಿಮೆಂಟಿನ ಸಮಿತಿಗಳು, ಮರಣ ವಿಚಾರಣೆಯ ಅಧಿಕಾರಿಗಳು ಮತ್ತು ಸಾರ್ವಜನಿಕ ವಿಚಾರಣಾ ಆಯೋಗಗಳು ಮಾಡುವ ಶಿಫಾರಸುಗಳನ್ನೆಲ್ಲ ಸರ್ಕಾರವು ಸಾರ್ವಜನಿಕರಿಗೆ ತೆರೆದ ಒಂದು ದಾಖಲೆಯಲ್ಲಿ ಬರೆದಿಡುವುದು ಕಾನೂನಿನಿಂದಲೇ ಕಡ್ಡಾಯವಾಗಬೇಕು. ಪ್ರತಿಯೊಂದರ ಮುಂದೆ ಏನು ಮಾಡಿತೆಂದು ಕಾಣಿಸಬೇಕು. ಒಪ್ಪದಿದ್ದರೆ ಏಕೆಂದು ಕಾರಣ ಬರೆಯಬೇಕು. ವರ್ಷಕ್ಕೊಮ್ಮೆ ಪಾರ್ಲಿಮೆಂಟಿಗೆ ಲೆಕ್ಕ ಒಪ್ಪಿಸಬೇಕು.

2025ರ ಫೆಬ್ರವರಿಯಲ್ಲಿ ಸರ್ಕಾರವು 49 ಶಿಫಾರಸುಗಳನ್ನು ಪೂರ್ಣವಾಗಿಯೂ ಉಳಿದ 9ನ್ನು ತಾತ್ತ್ವಿಕವಾಗಿಯೂ ಒಪ್ಪಿಕೊಂಡಿತು. ಬಿಳಿಯ ಬಟ್ಟೆ ಸುತ್ತಿಕೊಂಡು, ಅದರ ಮೇಲೆ ಹಸಿರು ಹೃದಯದ ಚಿತ್ರವನ್ನು ಹೊತ್ತು ನಿಂತಿದ್ದ ಗೋಪುರವನ್ನು ಕಳಚಲು ಅದೇ ತಿಂಗಳು ನಿರ್ಧಾರವಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಕೆಲಸ ಆರಂಭವಾಯಿತು. ತುದಿಯಿಂದ ಒಂದೊಂದೇ ಅಂತಸ್ತನ್ನು ಕಳಚುತ್ತ ಬಂದು ನೆಲ ಮುಟ್ಟಲು ಸುಮಾರು ಎರಡು ವರ್ಷಗಳು ಬೇಕೆಂದು ಲೆಕ್ಕ ಹಾಕಿದ್ದಾರೆ.